ಕಾರಿನ ಆಂಪ್ಲಿಫೈಯರ್‌ಗೆ ಪವರ್ ಕೇಬಲ್ ಆರಿಸುವುದು ಹೇಗೆ?

ಆಂಪ್ಲಿಫೈಯರನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುವವರು, ಅದಕ್ಕೆ ವಿದ್ಯುತ್ ಒಯ್ಯುವ ಕೇಬಲನ್ನು ಮಾತ್ರ ಅಂಗಡಿಯಲ್ಲಿ ಕೈಗೆ ಸಿಕ್ಕ ಕಿಟ್‌ನೊಂದಿಗೆ ಮುಗಿಸಿಬಿಡುತ್ತಾರೆ. ಆಮೇಲೆ ಡ್ರಮ್ಮಿನ ಪ್ರತಿ ಏಟಿಗೂ ಹೆಡ್‌ಲೈಟ್ ಮಂಕಾಗುತ್ತದೆ, ಧ್ವನಿ ಏರಿಸಿದ ಕೂಡಲೇ ಆಂಪ್ಲಿಫೈಯರ್ ತಾನಾಗಿಯೇ ಬಂದ್ ಆಗುತ್ತದೆ. ದೋಷವನ್ನು ಸಬ್‌ವೂಫರ್ (ತಗ್ಗುಸ್ವರದ ದೊಡ್ಡ ಸ್ಪೀಕರ್) ಮೇಲೆ ಹೊರಿಸಿ ಹೊಸದನ್ನು ತಂದವರನ್ನೂ, ಬ್ಯಾಟರಿ ಬದಲಿಸಿದವರನ್ನೂ ಸಾಕಷ್ಟು ನೋಡಿದ್ದೇನೆ. ಕೇಬಲ್ ಆರಿಸುವುದಕ್ಕೆ ಬೇಕಾದುದು ಒಂದಿಷ್ಟು ಭಾಗಾಕಾರ, ಒಂದು ಅಳತೆಪಟ್ಟಿ ಮತ್ತು ಒಂದು ಬ್ಲೇಡು ಮಾತ್ರ.

ಹಂತ 1: ಎಷ್ಟು ಆಂಪಿಯರ್ ಎಂದು ಲೆಕ್ಕ ಹಾಕಿ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ‘ಮ್ಯಾಕ್ಸ್’ ಅಥವಾ ‘ಪೀಕ್’ ವ್ಯಾಟನ್ನು ಮರೆತುಬಿಡಿ. ಕೈಪಿಡಿಯ ಒಳಪುಟದಲ್ಲಿರುವ ಆರ್‌ಎಂಎಸ್ ವ್ಯಾಟನ್ನು, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿಯನ್ನು, ಹುಡುಕಿ, ಎಲ್ಲ ಚಾನಲ್‌ಗಳದ್ದನ್ನೂ ಕೂಡಿಸಿ. ಆಂಪ್ಲಿಫೈಯರ್ ಹೊರಗೆ ಕೊಡುವುದಕ್ಕಿಂತ ಹೆಚ್ಚು ಶಕ್ತಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಪೂರ್ಣ ಧ್ವನಿಯಲ್ಲಿ ಕ್ಲಾಸ್ ಡಿ ಮಾದರಿಯ ದಕ್ಷತೆಯನ್ನು ಸುಮಾರು ಶೇ 80 ಎಂದೂ, ಹಳೆಯ ಕ್ಲಾಸ್ ಎಬಿ ಮಾದರಿಯದನ್ನು ಸುಮಾರು ಶೇ 55 ಎಂದೂ ಹಿಡಿಯಬಹುದು.

ಉದಾಹರಣೆಗೆ 500 ವ್ಯಾಟ್ ಆರ್‌ಎಂಎಸ್‌ನ ಕ್ಲಾಸ್ ಡಿ ಆಂಪ್ಲಿಫೈಯರ್ ಎಳೆಯುವುದು 625 ವ್ಯಾಟ್. ಎಂಜಿನ್ ಓಡುತ್ತಿರುವಾಗಿನ 13.8 ವೋಲ್ಟಿನಿಂದ ಅದನ್ನು ಭಾಗಿಸಿದರೆ ಸುಮಾರು 45 ಆಂಪಿಯರ್ ಬರುತ್ತದೆ. ಅಷ್ಟೇ ವ್ಯಾಟಿನ ಕ್ಲಾಸ್ ಎಬಿ ಆಂಪ್ಲಿಫೈಯರ್ ಆಗಿದ್ದರೆ ಅದು 66 ಆಂಪಿಯರ್ ಬೇಡುತ್ತದೆ. ಲೆಕ್ಕ ಸರಿಯೇ ಎಂದು ನೋಡಲು ಆಂಪ್ಲಿಫೈಯರಿನ ಬದಿಯಲ್ಲಿರುವ ಫ್ಯೂಸ್‌ಗಳನ್ನು ಕೂಡಿಸಿ. 30 ಆಂಪಿಯರಿನ ಎರಡು ಫ್ಯೂಸ್ ಇದ್ದರೆ, ಅದು ದೀರ್ಘಕಾಲ 60 ಆಂಪಿಯರ್ ಮೀರಿ ಎಳೆಯಲಾರದು. ‘3000 ವ್ಯಾಟ್’ ಎಂದು ಕೂಗುವ ಆಂಪ್ಲಿಫೈಯರಿಗೆ 30 ಆಂಪಿಯರಿನ ಒಂದೇ ಫ್ಯೂಸ್ ಇರುವುದನ್ನು ಕಂಡರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಹಂತ 2: ಉದ್ದ ಅಳೆಯಿರಿ

ಬ್ಯಾಟರಿಯಿಂದ ಆಂಪ್ಲಿಫೈಯರಿನವರೆಗೆ ಕೇಬಲ್ ನಿಜವಾಗಿ ಸಾಗುವ ದಾರಿಯಲ್ಲಿ ದಾರ ಹಿಡಿದು ಅಳೆಯಿರಿ. ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಇಟ್ಟರೆ ಸಾಮಾನ್ಯವಾಗಿ 5 ಮೀಟರ್ ಆಸುಪಾಸು ಬರುತ್ತದೆ.

ಹಂತ 3: ದಪ್ಪ ನಿರ್ಧರಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ತಂತಿಯ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಆ ಸಂಖ್ಯೆ ಇಳಿದಷ್ಟೂ ತಂತಿ ದಪ್ಪವಾಗುತ್ತದೆ, ಸಂಖ್ಯೆ ಮೂರು ಇಳಿದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಇಮ್ಮಡಿಯಾಗುತ್ತದೆ. 8 ಗೇಜ್ ಎಂದರೆ ಸುಮಾರು 8.4 ಚದರ ಮಿ.ಮೀ., 4 ಗೇಜ್ ಎಂದರೆ 21, ‘ಜೀರೋ’ ಎಂದು ಕರೆಯುವ 1/0 ಗೇಜ್ ಎಂದರೆ 53. ಕೇಬಲ್ ಸುಟ್ಟುಹೋಗದಿದ್ದರೆ ಸಾಕು ಎಂದು ಆರಿಸುವವರು ವೋಲ್ಟೇಜ್ ಕುಸಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಶುದ್ಧ ತಾಮ್ರದ 8 ಗೇಜ್ ತಂತಿಯ ರೋಧ ಮೀಟರಿಗೆ ಸುಮಾರು 2 ಮಿಲಿಓಮ್. ಅಂತಹ 5 ಮೀಟರ್ ತಂತಿಯಲ್ಲಿ 45 ಆಂಪಿಯರ್ ಹರಿದರೆ 0.46 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 4 ಗೇಜಿನಲ್ಲಾದರೆ ಕಳೆಯುವುದು 0.18 ವೋಲ್ಟ್ ಮಾತ್ರ. ಅರ್ಧ ವೋಲ್ಟ್ ಯಾವ ಮಹಾ ಎನ್ನಬೇಡಿ. ಒಳಗೆ ವೋಲ್ಟೇಜ್ ನಿಯಂತ್ರಣವಿಲ್ಲದ ಆಂಪ್ಲಿಫೈಯರ್‌ಗಳ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, 13.8 ವೋಲ್ಟ್ ಇರಬೇಕಾದಲ್ಲಿ 13 ವೋಲ್ಟ್ ತಲುಪಿದರೆ ಶೇ 11ರಷ್ಟು ಶಕ್ತಿ ಹೋಗುತ್ತದೆ. ನಿಯಂತ್ರಣವಿರುವ ಮಾದರಿಗಳಾದರೋ ಕುಸಿತವನ್ನು ತುಂಬಿಕೊಳ್ಳಲು ಇನ್ನೂ ಹೆಚ್ಚು ಆಂಪಿಯರ್ ಎಳೆದು ಕೇಬಲನ್ನು ಮತ್ತಷ್ಟು ಬಿಸಿ ಮಾಡುತ್ತವೆ.

ಆದ್ದರಿಂದ 5 ಮೀಟರ್ ದೂರಕ್ಕೆ 40 ಆಂಪಿಯರ್ ಒಳಗಿದ್ದರೆ 8 ಗೇಜ್, ಅಲ್ಲಿಂದ 100 ಆಂಪಿಯರಿನವರೆಗೆ 4 ಗೇಜ್, ಅದಕ್ಕೂ ಮೇಲೆ 1/0 ಎಂದು ಇಟ್ಟುಕೊಳ್ಳಿ. ಲೆಕ್ಕ ಗಡಿಯಲ್ಲಿ ಬಂದರೆ ದಪ್ಪದ ಕಡೆಗೇ ಹೋಗಿ. ಸಬ್‌ವೂಫರ್ ಇರುವ ಯಾವ ಕಾರಿಗೂ 4 ಗೇಜಿಗಿಂತ ತೆಳುವಾದುದನ್ನು ನಾನಂತೂ ಹಾಕಿಸುವುದಿಲ್ಲ. ನಾಳೆ ಇನ್ನೊಂದು ಆಂಪ್ಲಿಫೈಯರ್ ಸೇರಿಸಬೇಕೆನಿಸಿದಾಗ ಕಾರ್ಪೆಟ್ ಮತ್ತೆ ಕಿತ್ತು ಕೇಬಲ್ ಎಳೆಯುವ ಪಾಡು ತಪ್ಪುತ್ತದೆ.

ಹಂತ 4: ತಾಮ್ರವೇ ಎಂದು ಖಚಿತಪಡಿಸಿಕೊಳ್ಳಿ

ಮೇಲಿನ ಲೆಕ್ಕವೆಲ್ಲ ಶುದ್ಧ ತಾಮ್ರದ್ದು. ಅಗ್ಗದ ಕಿಟ್‌ಗಳಲ್ಲಿ ಬರುವುದು ಬಹುಪಾಲು ಸಿಸಿಎ, ಅಂದರೆ ತಾಮ್ರದ ತೆಳುಹೊದಿಕೆಯ ಅಲ್ಯೂಮಿನಿಯಂ. ಅದರ ರೋಧ ತಾಮ್ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಅಲ್ಯೂಮಿನಿಯಂ ಮೃದುವಾದ್ದರಿಂದ ಬಿಗಿದ ಜಾಗದಲ್ಲಿ ಕ್ರಮೇಣ ಸಡಿಲಗೊಳ್ಳುತ್ತದೆ, ತುದಿಯಲ್ಲಿ ಆಕ್ಸೈಡ್ ಕಟ್ಟಿಕೊಂಡು ಬಿಸಿಯೇರುತ್ತದೆ. ಅನಿವಾರ್ಯವಾಗಿ ಅದನ್ನೇ ಬಳಸುವುದಾದರೆ ಲೆಕ್ಕಕ್ಕಿಂತ ಎರಡು ಗೇಜ್ ದಪ್ಪನೆಯದನ್ನು ಕೊಳ್ಳಬೇಕು.

ಗುರುತಿಸುವುದು ಕಷ್ಟವಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆಯಿರಿ. ಕೆಂಪು ಮೈಯ ಒಳಗೆ ಬಿಳಿಲೋಹ ಕಂಡರೆ ಅದು ಸಿಸಿಎ. ಹೊರಗೆ ಬೆಳ್ಳಿಯ ಬಣ್ಣವಿದ್ದು ಒಳಗೆ ಕೆಂಪಿದ್ದರೆ ಅದು ತವರ ಲೇಪಿಸಿದ ತಾಮ್ರ. ತೇವವನ್ನು ಅದು ಬರಿಯ ತಾಮ್ರಕ್ಕಿಂತಲೂ ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಮೋಸವೆಂದರೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಒಳಗೆ ಬೆರಳೆಣಿಕೆಯ ಎಳೆಗಳನ್ನು ತುಂಬಿ ‘4 ಗೇಜ್’ ಎಂದು ಮಾರುವುದು. ತುದಿಯನ್ನು ಕತ್ತರಿಸಿ ತೋರಿಸಲು ಹೇಳಿ. ನಿಜವಾದ 4 ಗೇಜಿನಲ್ಲಿ ಲೋಹದ ಕಟ್ಟೇ ಸುಮಾರು 6 ಮಿ.ಮೀ. ಇರುತ್ತದೆ. ಮೈಮೇಲೆ ಚದರ ಮಿ.ಮೀ. ಅಚ್ಚಾಗಿರುವ, ಸಣ್ಣ ಎಳೆಗಳು ಹೆಚ್ಚಿರುವ ವೆಲ್ಡಿಂಗ್ ಕೇಬಲ್, ಹೊಳೆಯುವ ಪಾರದರ್ಶಕ ಹೊದಿಕೆಯ ಎಷ್ಟೋ ‘ಆಡಿಯೊ ಕೇಬಲ್’ಗಳಿಗಿಂತ ನಂಬಿಕೆಗೆ ಯೋಗ್ಯ.

ಹಂತ 5: ಫ್ಯೂಸ್

ಬ್ಯಾಟರಿಯ ಬಳಿಯ ಫ್ಯೂಸ್ ಆಂಪ್ಲಿಫೈಯರನ್ನು ಕಾಯಲು ಇರುವುದಲ್ಲ, ಕೇಬಲನ್ನು ಕಾಯಲು. ಹೊದಿಕೆ ಸವೆದು ಒಳಗಿನ ತಂತಿ ಕಾರಿನ ಲೋಹದ ಬಾಡಿಯನ್ನು ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು, ಬೆಂಕಿ ಹತ್ತಲು ಅಷ್ಟೇ ಸಾಕು. ಬ್ಯಾಟರಿಯ ಪಾಸಿಟಿವ್‌ನಿಂದ 45 ಸೆಂ.ಮೀ. ಒಳಗೆ ಎಎನ್‌ಎಲ್ ಮಾದರಿಯ (ಬೋಲ್ಟಿನಿಂದ ಬಿಗಿಯುವ ಪಟ್ಟಿಯಂಥ) ಫ್ಯೂಸ್ ಹಾಕಿ. 8 ಗೇಜಿಗೆ 50 ಆಂಪಿಯರ್, 4 ಗೇಜಿಗೆ 100 ಆಂಪಿಯರ್ ಮೀರಿಸಬೇಡಿ. ಮುಂದೆ ಕೇಬಲನ್ನು ಕವಲೊಡೆಸಿ ತೆಳುವಾದ ತಂತಿಗಳಿಗೆ ಹಂಚುವುದಾದರೆ, ಪ್ರತಿ ಕವಲಿಗೂ ಅದರದೇ ಫ್ಯೂಸ್ ಬೇಕು. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದೊಡ್ಡದನ್ನು ಹಾಕುವ ಜಾಣತನ ಅಪಾಯಕಾರಿ.

ಹಂತ 6: ಅರ್ಥಿಂಗ್

ಪಾಸಿಟಿವ್ ಕೇಬಲಿನಲ್ಲಿ ಹೋದಷ್ಟೇ ವಿದ್ಯುತ್ ಹಿಂದಿರುಗಿ ಬರಬೇಕು, ಆದ್ದರಿಂದ ಆಂಪ್ಲಿಫೈಯರಿನ ನೆಗೆಟಿವ್ಅನ್ನು ಕಾರಿನ ಬಾಡಿಯೊಡನೆ ಜೋಡಿಸುವ ಅರ್ಥ್ ತಂತಿಯೂ ಅಷ್ಟೇ ದಪ್ಪವಿರಬೇಕು. ಕಿಟ್‌ಗಳಲ್ಲಿ ಅದು ತೆಳುವಾಗಿದ್ದರೆ ಎಸೆದುಬಿಡಿ. ಆಂಪ್ಲಿಫೈಯರಿನಿಂದ ಅರ್ಧ ಮೀಟರಿನೊಳಗೆ ಬಾಡಿಯ ದಪ್ಪ ತಗಡು ಸಿಗುವ ಜಾಗ ಹುಡುಕಿ, ಬಣ್ಣವನ್ನೂ ಕೆಳಗಿನ ಪ್ರೈಮರನ್ನೂ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ, ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ಬಳೆ) ಇಟ್ಟು ಹಲ್ಲಿನ ವಾಷರಿನೊಡನೆ ಬೋಲ್ಟ್ ಬಿಗಿಯಿರಿ. ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಸುತ್ತ ಬಣ್ಣ ಬಳಿಯಬೇಕು. ಮೊದಲೇ ಬಳಿದರೆ ಉಜ್ಜಿದ್ದು ವ್ಯರ್ಥ. ಸೀಟ್ ಬೆಲ್ಟಿನ ಬೋಲ್ಟ್ ಸಿದ್ಧವಾಗಿಯೇ ಇದೆಯೆಂದು ಅದಕ್ಕೆ ಸಿಕ್ಕಿಸುವ ಅಡ್ಡದಾರಿ ಬೇಡ. ಅದು ಜೀವ ಕಾಯುವ ಬೋಲ್ಟು, ಅಲ್ಲದೆ ಅದರ ಮೇಲಿನ ಲೇಪನದಿಂದಾಗಿ ಸಂಪರ್ಕವೂ ಚೆನ್ನಾಗಿರುವುದಿಲ್ಲ.

ಹಂತ 7: ಎಳೆದು ಜೋಡಿಸಿ, ಅಳೆದು ನೋಡಿ

ಕೆಲಸ ಶುರುಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಿ. ಬಾನೆಟ್ಟಿನ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಹಾಕಿ. ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಧ್ವನಿ ಸಂಕೇತ ಒಯ್ಯುವ ಆರ್‌ಸಿಎ ತಂತಿಗಳನ್ನು ಕಾರಿನ ಇನ್ನೊಂದು ಬದಿಯಲ್ಲಿ ಎಳೆಯಿರಿ. ಲಗ್ಗುಗಳನ್ನು ಇಕ್ಕಳದಿಂದ ಜಜ್ಜದೆ ಸರಿಯಾದ ಕ್ರಿಂಪಿಂಗ್ ಸಾಧನದಿಂದಲೇ ಒತ್ತಿಸಿ.

ಆಮೇಲೆ ಎಂಜಿನ್ ಓಡುತ್ತಿರುವಾಗ ಜೋರಾಗಿ ಹಾಡು ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಆಂಪ್ಲಿಫೈಯರಿನ ಪಾಸಿಟಿವ್‌ಗೂ ಹಿಡಿಯಿರಿ. ಒಂದು ಕಡ್ಡಿಗೆ ಉದ್ದನೆಯ ತಂತಿ ಕಟ್ಟಿಕೊಳ್ಳಬೇಕಾಗುತ್ತದೆ. ನೆಗೆಟಿವ್ ಕಡೆಯೂ ಹೀಗೆಯೇ ನೋಡಿ. ಎರಡೂ ಸೇರಿ ಅರ್ಧ ವೋಲ್ಟಿನೊಳಗಿದ್ದರೆ ಕೇಬಲಿನ ಆಯ್ಕೆ ಸರಿಯಾಗಿದೆ. ನೆಗೆಟಿವ್ ಕಡೆಯ ಅಂಕಿಯೇ ದೊಡ್ಡದಾಗಿದ್ದರೆ ಬೋಲ್ಟ್ ಬಿಚ್ಚಿ ಮತ್ತೆ ಉಜ್ಜಬೇಕು. ಕುಸಿತ ಎರಡೂ ಕಡೆ ಕಡಿಮೆಯಿದ್ದು, ಬ್ಯಾಟರಿಯ ಬಾಯಲ್ಲೇ ವೋಲ್ಟೇಜ್ 12.6ಕ್ಕೂ ಕೆಳಗಿಳಿಯುತ್ತಿದ್ದರೆ ಆಲ್ಟರ್ನೇಟರಿಗೆ ಅಷ್ಟು ತಾಕತ್ತಿಲ್ಲ ಎಂದರ್ಥ. ಅದನ್ನು ಯಾವ ಕೇಬಲೂ, ಮಿಂಚುವ ಬಿಲ್ಲೆ ಅಂಟಿಸಿ ಮಾರುವ ಒಂದು ಫ್ಯಾರಡ್ ಕೆಪ್ಯಾಸಿಟರೂ ಸರಿಪಡಿಸಲಾರವು. ಸ್ಕ್ರೂನಿಂದ ಬಿಗಿಯುವ ಟರ್ಮಿನಲ್‌ಗಳಲ್ಲಿ ಎಳೆಗಳು ಕೆಲವು ವಾರಗಳಲ್ಲಿ ಒತ್ತಿಕೊಂಡು ಕೂರುವುದರಿಂದ, ಅಷ್ಟು ಸಮಯವಾದ ಮೇಲೆ ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿಯಬೇಕು.