ಮಳೆ ನಿಂತ ಮರುದಿನ ಸಂಡೂರು

ಸಂಡೂರಿನ ಗುಡ್ಡಗಳಲ್ಲಿ ಜಲಪಾತ ನೋಡಬೇಕೆಂದರೆ ದಾರಿಗಿಂತ ಮೊದಲು ಮಳೆಯ ಲೆಕ್ಕ ಗೊತ್ತಿರಬೇಕು. ಜೋಗದ ಹಾಗೆ ಹಿಂದೆ ನದಿಯ ಬಲ ಇರುವ ಜಲಪಾತಗಳು ಇವಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಕೊರಕಲು ಹಿಡಿದು ಇಳಿಯುವಾಗ ಬಂಡೆಯಿಂದ ಧುಮುಕುತ್ತದೆ, ಅಷ್ಟೆ. ಬಹಳಷ್ಟಕ್ಕೆ ಹೆಸರೂ ಇಲ್ಲ. ಎರಡು ದಿನ ಬಿಸಿಲು ಕಾಯ್ದರೆ ಅರ್ಧ ನೀರು ಇಳಿದಿರುತ್ತದೆ. ವಾರ ಬಿಟ್ಟು ಹೋದವರಿಗೆ ಪಾಚಿ ಕಟ್ಟಿದ ಕಲ್ಲೇ ದರ್ಶನ.

ಮಲೆನಾಡಿನಲ್ಲಿ ಜಡಿ ಹಿಡಿಯುವ ಜೂನ್, ಜುಲೈನಲ್ಲಿ ಬಳ್ಳಾರಿಗೆ ಹೆಚ್ಚಾಗಿ ಮೋಡ, ಗಾಳಿ. ನಮಗೆ ಗಟ್ಟಿ ಮಳೆ ಹುಬ್ಬಿ, ಉತ್ತರಿ, ಹಸ್ತದಲ್ಲಿ, ಅಂದರೆ ಸೆಪ್ಟೆಂಬರ್ ಹಿಡಿದು ಅಕ್ಟೋಬರ್ ಅರ್ಧದವರೆಗೆ. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು, ಸಂಡೂರನ್ನು ಸೆಪ್ಟೆಂಬರ್‌ನಲ್ಲೇ ನೋಡಬೇಕು ಅಂದಿದ್ದರು ಅಂತ ಸಂಡೂರಿನವರು ಈಗಲೂ ಹೇಳಿಕೊಳ್ಳುತ್ತಾರೆ. ಯಾರು ಹೇಳಿದ್ದರೂ ಮಾತು ಸರಿಯೇ ಇದೆ.

ಹಾಗಾಗಿ ನಾನು ರಜೆ ನೋಡಿ ದಿನ ಗೊತ್ತು ಮಾಡುವುದಿಲ್ಲ. ರಾತ್ರಿ ಜೋರು ಮಳೆಯಾಯಿತು ಅಂದರೆ ಬೆಳಿಗ್ಗೆ ಸಂಡೂರಿನ ದೋಸ್ತನಿಗೆ ಫೋನ್.

"ಹಳ್ಳ ಬಂದೈತೇನಲೇ?"

"ಬಂದೈತಿ. ಇವತ್ ಬ್ಯಾಡ, ನಾಳಿ ಬಾ."

ಆ 'ನಾಳಿ'ಯಲ್ಲೇ ಎಲ್ಲ ಇದೆ. ಮಳೆ ಸುರಿದ ದಿನ ಹಳ್ಳಕ್ಕೆ ರಭಸ ಹೆಚ್ಚು, ನೀರೆಲ್ಲ ಕುಂಕುಮದ ರಾಡಿ. ಮರುದಿನ ರಾಡಿ ಕೆಳಗೆ ಕೂತು ನೀರು ತಿಳಿಯಾಗಿರುತ್ತದೆ, ಧಾರೆಯೂ ತುಂಬಿರುತ್ತದೆ.

ಬಳ್ಳಾರಿಯಿಂದ ತೋರಣಗಲ್ಲು ದಾಟಿ ಸಂಡೂರು, ಅಲ್ಲಿಂದ ಕುಮಾರಸ್ವಾಮಿ ಬೆಟ್ಟದ ರಸ್ತೆ. ಅದಿರಿನ ಲಾರಿಗಳ ಹಿಂದೆ ತೆವಳುವುದು ಬೇಡವೆಂದರೆ ಬೇಗ ಬಿಡಬೇಕು. ಮೇಲೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ ಇದೆ, ಕೈಮುಗಿದು ಆ ಸೀಮೆಯ ಕಾಡುದಾರಿಗೆ ಇಳಿಯುತ್ತೇವೆ. ಮೊಣಕಾಲು ನೋವಿನ ನಮ್ಮ ಅತ್ತೆಯೂ ಕೋಲೂರಿಕೊಂಡು ನಡೆದಿದ್ದಾರೆ. ಏರು ಹೆಚ್ಚಿಲ್ಲ, ಜಾರುವುದೇ ತ್ರಾಸು. ರಬ್ಬರ್ ಚಪ್ಪಲಿ ಬೇಡವೇ ಬೇಡ, ಹಳೇ ಕ್ಯಾನ್ವಾಸ್ ಶೂ ಸಾಕು. ಹೊಸದು ಹಾಕಿಕೊಂಡರೆ ಅದರ ಬಣ್ಣದ ಆಸೆ ಬಿಟ್ಟುಬಿಡಿ, ಈ ಕೆಮ್ಮಣ್ಣು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಾನು ಇಲ್ಲಿ ಇಂಬಳ ಕಂಡಿಲ್ಲ, ಮಲೆನಾಡಿನಲ್ಲಿ ಕಾಲು ಕಚ್ಚಿಸಿಕೊಂಡವರಿಗೆ ಅದೊಂದು ದೊಡ್ಡ ನೆಮ್ಮದಿ.

ಬೇಸಿಗೆಯಲ್ಲಿ ಬೋಳಾಗಿ ನಿಲ್ಲುವ ದಿಂಡಿಗ, ತೇಗದ ಮರಗಳು ಈಗ ದಾರಿಗೆ ನೆರಳು ಹಾಕಿರುತ್ತವೆ. ಕೊರಕಲಿನ ಬದಿಯ ಕಲ್ಲನ್ನು ಹತ್ತಿರದಿಂದ ನೋಡಿ: ಕಪ್ಪು ಬೂದು ಗೆರೆ, ಅದರ ಪಕ್ಕ ಕೆಂಪು ಗೆರೆ, ಮತ್ತೆ ಕಪ್ಪು, ಇಳಕಲ್ ಸೀರೆಯ ಅಂಚಿನ ಹಾಗೆ. ಕಬ್ಬಿಣದ ಅಂಶವೂ ಬೆಣಚುಕಲ್ಲಿನ ಅಂಶವೂ ಪದರಪದರವಾಗಿ ಕೂತ ಕಲ್ಲು ಅದು. ಕೈಗೆತ್ತಿಕೊಂಡರೆ ಅಳತೆಗೆ ಮೀರಿದ ಭಾರ. ಗುಡ್ಡದ ನೆತ್ತಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರು ಅದರೊಳಗೆ ಇಳಿದು, ತಡೆದು, ಕೆಳಗೆಲ್ಲೋ ಸೆಲೆಯಾಗಿ ಹೊರಡುತ್ತದೆ. ಹರಿಶಂಕರ ತೀರ್ಥದಂಥ ಸೆಲೆಗಳು ಝರಿ ನಿಂತ ಮೇಲೂ ಹರಿಯುವುದು ಹೀಗೆ. ಅದಿರಿಗಾಗಿ ನೆತ್ತಿ ಕೆರೆದರೆ ಹೋಗುವುದು ಬರೀ ಗುಡ್ಡವಲ್ಲ, ಈ ನೀರಿನ ಕಣಜವೂ ಹೋಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತು, ಆಮೇಲೆ ಷರತ್ತಿನ ಮೇಲೆ ಮತ್ತೆ ಶುರುವಾಯಿತು. ಈ ನೀರಲ್ಲಿ ಕಾಲಿಟ್ಟು ಕೂತಾಗಲೆಲ್ಲ ನನ್ನ ಪ್ರಶ್ನೆ ಒಂದೇ, ಗಣಿಯ ಲೆಕ್ಕದಲ್ಲಿ ಈ ಸೆಲೆಗಳಿಗೆ ಎಷ್ಟು ಬೆಲೆ ಹಿಡಿದಿದ್ದಾರೆ?

ಧಾರೆಯ ಕೆಳಗೆ ನಿಲ್ಲುವ ಮೊದಲು ಮೇಲಿನ ಆಕಾಶ ನೋಡಿಕೊಳ್ಳಿ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಗುಡ್ಡದ ಆಚೆ ಮಳೆ ಹೊಡೆಯುತ್ತಿರಬಹುದು. ಕುರಿ ಕಾಯುವ ಅಜ್ಜನೊಬ್ಬ ಒಮ್ಮೆ ದಂಡೆಯ ಮೇಲಿಂದ ಕೂಗಿದ: "ಯಪ್ಪಾ, ಹುಡುಗ್ರನ್ನ ಮ್ಯಾಕ ಕರಕೋರಿ, ನೀರು ಬಣ್ಣ ತಿರುಗೇತಿ!" ನೋಡಿದರೆ ತಿಳಿನೀರಿನ ನಡುವೆ ಸಣ್ಣದೊಂದು ಕೆಂಪು ಎಳೆ, ಅದರ ಹಿಂದೆ ಒಣಎಲೆ, ಕಡ್ಡಿ. ನಾವು ದಂಡೆ ಹತ್ತಿ ಚೀಲ ಹೆಗಲಿಗೇರಿಸುವಷ್ಟರಲ್ಲಿ ಅಕ್ಕನ ಮಕ್ಕಳು ಕೂತಿದ್ದ ಕಲ್ಲು ಮುಳುಗಿತ್ತು. ಅಂದಿನಿಂದ ನಮ್ಮಲ್ಲಿ ಒಬ್ಬರು ದಂಡೆಯಲ್ಲೇ ಕೂತು ನೀರು ಕಾಯುತ್ತಾರೆ, ಆ ಕೆಲಸ ಅತ್ತೆಯದು. ಬಣ್ಣ ತಿರುಗಿದರೆ, ಕಸ ಬಂದರೆ, ಸದ್ದು ದಪ್ಪಗಾದರೆ ಅವರು ಒಂದೇ ಸಲ ಕೂಗುವುದು, ಎಲ್ಲರೂ ಮೇಲೆ ಬರಬೇಕು. ಹಳ್ಳದ ಆಚೆ ದಂಡೆಗೆ ನಾವು ದಾಟುವುದಿಲ್ಲ. ವಾಪಸು ಬರುವ ಹೊತ್ತಿಗೆ ದಾರಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಕರಡಿಯ ಮಾತೂ ಹೇಳಬೇಕು. ದರೋಜಿ ಕರಡಿಧಾಮ ದೂರವೇನಲ್ಲ, ಈ ಗುಡ್ಡಗಳಲ್ಲೂ ಕರಡಿಗಳಿವೆ. ನಸುಕಿನಲ್ಲಿ, ಸಂಜೆಯಲ್ಲಿ ಓಡಾಡುತ್ತವೆ. ಬಿಸಿಲೇರಿದ ಮೇಲೆ ಒಳಗೆ ಹೋಗಿ ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಗಿಸಿ ನಾಲ್ಕರೊಳಗೆ ರಸ್ತೆಗೆ ಬಂದುಬಿಡುತ್ತೇವೆ. ಮಕ್ಕಳು ಮಾತಾಡುತ್ತ ನಡೆದರೆ ಸುಮ್ಮನಿರಿಸುವುದಿಲ್ಲ, ಸದ್ದು ಕೇಳಿದರೆ ಕರಡಿಯೇ ಸರಿದುಹೋಗಲಿ ಅಂತ. ಮೀಸಲು ಅರಣ್ಯದ ಒಳದಾರಿಗೆ ಮೊದಲೇ ಅರಣ್ಯ ಇಲಾಖೆಯವರ ಒಪ್ಪಿಗೆ ಕೇಳಿ, ಗಣಿ ಬೇಲಿಯ ಕಡೆ ಹೋಗಬೇಡಿ.

ಹಸ್ತದ ಮಳೆ ಮುಗಿದು ತಡವಾಗಿ ಬಂದರೆ ಧಾರೆಗಳು ಸಿಕ್ಕಲಿಕ್ಕಿಲ್ಲ. ಆಗ ತೀರ್ಥದ ಕಡೆ ಹೋಗಿ. ದಾರಿಯಲ್ಲಿ ಮಾರಲು ಕೂತವರ ಬುಟ್ಟಿಯಲ್ಲಿ ಗುಡ್ಡದ ಸೀತಾಫಲ ಇದ್ದರೆ ಕಣ್ಣು ಬಿಟ್ಟ ಹಣ್ಣು ಆರಿಸಿ ತಗೊಳ್ಳಿ. ತೀರಾ ಮೆತ್ತಗಿರುವುದು ಬಳ್ಳಾರಿ ಮುಟ್ಟುವುದರೊಳಗೆ ಚೀಲದಲ್ಲೇ ಒಡೆಯುತ್ತದೆ.