ಗ್ರಂಥಾಲಯದ ಹಳೇ ಡೇಟಾಬೇಸ್‌ನಲ್ಲಿ ಕನ್ನಡ ಸರಿಮಾಡಿದ್ದು

ನಾನು ನೋಡಿಕೊಳ್ಳುವ ಒಂದು ಗ್ರಂಥಾಲಯದ ಪುಸ್ತಕ ಪಟ್ಟಿ ಮೈಎಸ್‌ಕ್ಯೂಎಲ್ 5.7 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿತ್ತು. ಪಿಎಚ್‌ಪಿ ಭಾಷೆಯಲ್ಲಿ ಬರೆದ ಹಳೇ ವೆಬ್ ಪುಟದಲ್ಲಿ ಕನ್ನಡ ಚೆನ್ನಾಗಿ ಕಾಣುತ್ತಿತ್ತು. ಅದೇ ಪಟ್ಟಿಗೆ ಪೈಥಾನ್‌ನಲ್ಲಿ ಹೊಸ ಅಪ್ಲಿಕೇಶನ್ ಜೋಡಿಸಿದೆ. ಅದರಲ್ಲಿ ಪ್ರತಿ ಹೆಸರೂ ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3, ಹೀಗೆ ಸಾಲುಸಾಲಾಗಿ ಬಂತು.

ಪರದೆಯ ಮೇಲೆ ಕಾಣುವುದನ್ನು ನಂಬದೆ ಮೊದಲು ಹೆಕ್ಸ್ ಫಂಕ್ಷನ್ (ಪ್ರತಿ ಬೈಟನ್ನೂ ಎರಡಂಕಿಯ ಸಂಕೇತವಾಗಿ ತೋರಿಸುವುದು) ಹಾಕಿ, ಒಳಗೆ ಉಳಿಸಿದ್ದ ಬೈಟ್‌ಗಳನ್ನೇ ನೋಡಿದೆ. ‘ಕ’ ಇರುವ ಜಾಗದಲ್ಲಿ ಇ0, ಬಿ2, 95 ಇತ್ತು. ಅದು ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಬರೆಯುವ ಸರಿಯಾದ ರೀತಿಯೇ. ಅಂದರೆ ಡೇಟಾ ಕೆಟ್ಟಿರಲಿಲ್ಲ, ಅದರ ಮೇಲಿದ್ದ ಚೀಟಿ, ಅಂದರೆ ಬೈಟ್‌ಗಳನ್ನು ಯಾವ ಪದ್ಧತಿಯಲ್ಲಿ ಓದಬೇಕೆಂದು ಹೇಳುವ ಗುರುತು, ತಪ್ಪಾಗಿತ್ತು. ಕಾಲಮ್‌ನ ಚೀಟಿ ಲ್ಯಾಟಿನ್1, ಅಂದರೆ ಬೈಟಿಗೊಂದು ಅಕ್ಷರದಂತೆ ಪಶ್ಚಿಮ ಯುರೋಪಿನ ಭಾಷೆಗಳನ್ನು ಬರೆಯುವ ಪದ್ಧತಿ. ಹಳೇ ಪುಟದ ಸಂಪರ್ಕವೂ ಲ್ಯಾಟಿನ್1. ಎರಡೂ ಒಂದೇ ಆದ್ದರಿಂದ ಬೈಟ್‌ಗಳು ಹೋದ ಹಾಗೇ ವಾಪಸ್ ಬರುತ್ತಿದ್ದವು. ಹೊಸ ಅಪ್ಲಿಕೇಶನ್ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ಕೇಳಿದಾಗ ಸರ್ವರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಎಣಿಸಿ, ಪರಿವರ್ತಿಸಿ ಕೊಟ್ಟಿತು.

ಪೈಥಾನ್‌ನಲ್ಲೇ ತಿರುಗಿಸಿಬಿಡೋಣ ಎಂದು ಲ್ಯಾಟಿನ್1ರ ಹತ್ತಿರದ ಬಂಧುವಾದ ವಿಂಡೋಸ್-1252 ಪದ್ಧತಿಯ ಮೂಲಕ ಪ್ರಯತ್ನಿಸಿದೆ. ‘ಗಗನ’ ಸರಿಹೋಯಿತು, ‘ಕನ್ನಡ’ ನಿಂತುಬಿಟ್ಟಿತು. ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ನಮ್ಮ ಅರ್ಧಾಕ್ಷರದ ಚಿಹ್ನೆಯ ಕೊನೇ ಬೈಟ್ 8ಡಿ. ಉಕಾರದ ಕೊಂಬಿನದು 81. ಏ, ಐ, ಝ ಅಕ್ಷರಗಳದು 8ಎಫ್, 90, 9ಡಿ. ವಿಂಡೋಸ್-1252ರಲ್ಲಿ ಖಾಲಿ ಬಿಟ್ಟಿರುವ ಐದು ಜಾಗಗಳು ಇವೇ! ಒತ್ತಕ್ಷರವೂ ಕೊಂಬೂ ಇಲ್ಲದೆ ಕನ್ನಡದಲ್ಲಿ ಎಷ್ಟು ಪದ ಬರೆಯಬಹುದು ಹೇಳಿ? ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಮಾತ್ರ ಆ ಐದನ್ನೂ ಬಿಸಾಡದೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಕೆಲಸವನ್ನು ಡೇಟಾಬೇಸ್ ಒಳಗೇ ಮಾಡಬೇಕಿತ್ತು.

ಇಲ್ಲಿ ಕೈ ಸುಟ್ಟುಕೊಳ್ಳುವವರು ಜಾಸ್ತಿ. ಟೇಬಲ್ ರಚನೆ ಬದಲಿಸುವ ‘ಆಲ್ಟರ್ ಟೇಬಲ್’ ಆಜ್ಞೆಗೆ ‘ಕನ್ವರ್ಟ್ ಟು’ ಸೇರಿಸಿ ಓಡಿಸಿದರೆ, ತಪ್ಪು ಚೀಟಿಯನ್ನೇ ನಂಬಿ ಸರ್ವರ್ ಇನ್ನೊಂದು ಸುತ್ತು ಪರಿವರ್ತನೆ ಮಾಡುತ್ತದೆ. ಮೂರು ಬೈಟಿನ ‘ಕ’ ಏಳು ಬೈಟಾಗುತ್ತದೆ. ನಾನು ಕಾಲಮನ್ನು ಮೊದಲು ವಾರ್‌ಬೈನರಿ (ಬರೀ ಬೈಟ್‌ಗಳ ಕಾಲಮ್) ಮಾಡಿದೆ, ಅಂದರೆ ಚೀಟಿ ಕಿತ್ತೆ. ಆಮೇಲೆ ಯುಟಿಎಫ್8ಎಂಬಿ4 ಇರುವ ವಾರ್‌ಕ್ಯಾರ್ (ಪಠ್ಯದ ಕಾಲಮ್) ಮಾಡಿದೆ. ಬೈಟ್‌ಗಳು ಕದಲಲಿಲ್ಲ. ಇದನ್ನೆಲ್ಲ ಬ್ಯಾಕಪ್ ತೆಗೆದು, ಇನ್ನೊಂದು ಯಂತ್ರದಲ್ಲಿ ಅದನ್ನು ಎಬ್ಬಿಸಿ, ಅಲ್ಲಿ ಮೊದಲು ಮಾಡಿದ್ದು.

ಆ ಪ್ರಯೋಗದಲ್ಲೇ ಕೆಲವು ಸಾಲುಗಳು ತಕರಾರು ಮಾಡಿದವು. ಶೀರ್ಷಿಕೆಯ ಕಾಲಮ್ 60ರ ಅಳತೆಯದು. ಲ್ಯಾಟಿನ್1ರಲ್ಲಿ 60 ಅಂದರೆ 60 ಬೈಟ್. ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಚಿಹ್ನೆ, ಹದಿನೆಂಟು ಬೈಟ್. ಜೊತೆಗೆ ಸ್ಪೇಸ್ ಒಂದೇ ಬೈಟ್. ಹೀಗಾಗಿ ಉದ್ದ ಶೀರ್ಷಿಕೆಗಳು ಎಷ್ಟೋ ವರ್ಷ ಒಂದು ಚಿಹ್ನೆಯ ನಡುವಿಗೇ ತುಂಡಾಗಿ ಕೂತಿದ್ದವು, ಯಾರೂ ಗಮನಿಸಿರಲಿಲ್ಲ. ಯಾವ ಸಾಲನ್ನು ಯುಟಿಎಫ್8ಎಂಬಿ4 ಎಂದು ಓದಿದರೆ ನಲ್ (ಬೆಲೆಯೇ ಇಲ್ಲ ಎಂಬ ಉತ್ತರ) ಬರುತ್ತದೋ ಅವನ್ನೆಲ್ಲ ಪಟ್ಟಿ ಮಾಡಿದೆ. ಕಾಲಮ್ ಅಳತೆ ಹಿಗ್ಗಿಸಿದೆ.

ಹೊಸ ಅಪ್ಲಿಕೇಶನ್‌ನಿಂದ ತಿದ್ದಿ ಉಳಿಸಿದ್ದ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳಲು ಆಗಲಿಲ್ಲ. ಅವುಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ, ಹೆಕ್ಸ್‌ನಲ್ಲಿ 3ಎಫ್. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವಿಲ್ಲ. ತಪ್ಪು ಡೇಟಾವನ್ನು ತಡೆಯುವ ಸ್ಟ್ರಿಕ್ಟ್ ಮೋಡ್ ಆಫ್ ಆಗಿದ್ದರಿಂದ ಸರ್ವರ್ ದೋಷ ತೋರಿಸದೆ ಪ್ರತಿ ಚಿಹ್ನೆಗೂ ಒಂದು ಪ್ರಶ್ನೆ ಬರೆದಿತ್ತು. ‘ಕನ್ನಡ’ ಎಂದಿದ್ದಲ್ಲಿ ಐದು ಪ್ರಶ್ನೆ, ಅಷ್ಟೇ. ಅದರಿಂದ ಮೂಲ ಅಕ್ಷರ ತೆಗೆಯುವ ದಾರಿ ಇಲ್ಲ. ಇದು ನನಗೆ ನಿಜವಾಗಿ ನೋವಾದ ವಿಷಯ. ಅಂದೇ ಸ್ಟ್ರಿಕ್ಟ್ ಮೋಡ್ ಆನ್ ಮಾಡಿದೆ.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದ್ದ ಸಾಲುಗಳೂ ಕೆಲವು ಸಿಕ್ಕವು. ಅವೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದ ಹಾಗೇ ಕಾಣುತ್ತವೆ, ಆದರೆ ರೋಗ ಬೇರೆ. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತದೆ, ಹಾಗಾಗಿ ಅಲ್ಲಿ ‘ಕ’ ಶುರುವಾಗುವುದು ಇಂಗ್ಲಿಷ್ ‘ಪಿ’ ಅಕ್ಷರದಿಂದ. ಅವನ್ನು ಬೇರೆ ತೆಗೆದು ಯೂನಿಕೋಡ್ ಪರಿವರ್ತಕಕ್ಕೆ ಹಾಕಿದೆ.

ನಿಜವಾದ ಸರ್ವರ್‌ನಲ್ಲಿ ಮಾಡುವ ರಾತ್ರಿ ಎರಡೂ ಅಪ್ಲಿಕೇಶನ್ ನಿಲ್ಲಿಸಿ, ಟೇಬಲ್ ಬದಲಿಸಿ, ಎರಡರ ಸಂಪರ್ಕವನ್ನೂ ಯುಟಿಎಫ್8ಎಂಬಿ4 ಮಾಡಿದೆ. ಆದರೂ ಎರಡು ದಿನದಲ್ಲಿ ಹೊಸದಾಗಿ ಕೆಟ್ಟ ಸಾಲುಗಳು ಬಂದವು. ರಾತ್ರಿ ಹೊತ್ತು ಹೊಸ ಪುಸ್ತಕಗಳನ್ನು ಸೇರಿಸುವ ಪುಟ್ಟ ಸ್ಕ್ರಿಪ್ಟ್ ಒಂದಿತ್ತು, ಅದು ಇನ್ನೂ ಲ್ಯಾಟಿನ್1 ಎಂದೇ ಮಾತಾಡುತ್ತಿತ್ತು. ನಾನು ಮರೆತಿದ್ದೆ. ಅದು ಸೇರಿಸಿದ ‘ಕ’ ಏಳು ಬೈಟಿನದಾಗಿತ್ತು. ಆ ಸಾಲುಗಳನ್ನು ಲ್ಯಾಟಿನ್1ಕ್ಕೆ ತಿರುಗಿಸಿ, ಬೈನರಿ ಮಾಡಿ, ಮತ್ತೆ ಯುಟಿಎಫ್8ಎಂಬಿ4 ಎಂದು ಓದಿಸಿದೆ. ಹೆಕ್ಸ್‌ನಲ್ಲಿ ಸಿ3ಎ0ಸಿ2 (ಎರಡು ಸಲ ಪರಿವರ್ತನೆಯಾದ ಕನ್ನಡದ ಗುರುತು) ಇರುವ ಸಾಲುಗಳಿಗೆ ಮಾತ್ರ. ಸರಿಯಿರುವ ಕನ್ನಡದ ಮೇಲೆ ಇದನ್ನೇ ಓಡಿಸಿದರೆ ಅದೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಹುಷಾರು.

ತುಂಡಾದ ಮತ್ತು ಅಳಿಸಿಹೋದ ಶೀರ್ಷಿಕೆಗಳ ಪಟ್ಟಿಯನ್ನು ಗ್ರಂಥಪಾಲಕಿ ಮೇಡಂ ಕೈಗೆ ಕೊಟ್ಟೆ. ಅವರು ಆಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಗಳನ್ನು ಬರೆದಿಡುವ ದಾಖಲೆ ಪುಸ್ತಕ) ತೆಗೆದು ಓದಿದರು, ನಾನು ಪಕ್ಕದಲ್ಲಿ ಕೂತು ಒಂದೊಂದಾಗಿ ಟೈಪ್ ಮಾಡಿದೆ.