ಇನ್ನೂರು ಎಲೆಯ ಊಟ, ಒಂದು ಬಕೆಟ್ ಉಳಿಕೆ

ಮುಂಬಯಿಯಲ್ಲಿ ನಮ್ಮವರ ಮದುವೆ, ಉಪನಯನ, ಸಂಘದ ವಾರ್ಷಿಕೋತ್ಸವಗಳ ಊಟದ ಉಸ್ತುವಾರಿ ನೋಡಿ ತಿಳಿದದ್ದು ಇಷ್ಟು: ಎಷ್ಟು ಅನ್ನ ಚೆಲ್ಲಬೇಕೆಂಬುದು ಸಾಮಾನಿನ ಚೀಟಿ ಬರೆಯುವಾಗಲೇ ನಿಶ್ಚಯವಾಗಿರುತ್ತದೆ.

ಬರುವವರು 200 ಎಂದಿಟ್ಟುಕೊಳ್ಳಿ. ‘ಯಾವುದಕ್ಕೂ ಇರಲಿ’ ಎಂದು ಮನೆಯವರು ಹತ್ತು ಪರ್ಸೆಂಟ್ ಕೂಡಿಸಿ 220 ಎನ್ನುತ್ತಾರೆ. ಉಸ್ತುವಾರಿಯವನು ಅದನ್ನು 242 ಮಾಡುತ್ತಾನೆ, ಅಡಿಗೆ ಭಟ್ಟರು 266 ಜನಕ್ಕೆ ಅಕ್ಕಿ ತರಿಸುತ್ತಾರೆ. ಕೂರಲು ಜನವೇ ಇಲ್ಲದ 66 ಎಲೆ! ಹೆಚ್ಚುವರಿ ಕೂಡಿಸುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ, ಅದೂ ಭಟ್ಟರಿಗೆ. ಭಾನುವಾರವಾದರೆ ಮೆಗಾಬ್ಲಾಕ್ (ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವುದು) ಯಾವ ಲೈನಿಗೆ ಎಂದು ನೋಡಿಯೇ ತರಕಾರಿ ತರಬೇಕು. ಹಾರ್ಬರ್ ಲೈನ್ ನಿಂತ ದಿನ ನವಿ ಮುಂಬಯಿಯ ನೆಂಟರು ಮಾಟುಂಗಕ್ಕೆ ಬರುವುದು ಅನುಮಾನ.

ಬಿಳಿ ಅನ್ನದ ಊಟಕ್ಕೆ ತಲೆಗೆ 110 ಗ್ರಾಂ ಸೋನಾ ಮಸೂರಿ ಸಾಕು, 200 ಜನಕ್ಕೆ 22 ಕಿಲೋ. ಸಾಂಬಾರಿಗೆ 5 ಕಿಲೋ ತೊಗರಿಬೇಳೆ, ಸಾರಿಗೆ 2 ಕಿಲೋ. ಪಾಯಸ ತಲೆಗೆ 100 ಮಿ.ಲೀ. ಎಡವಟ್ಟಾಗುವುದು ಪುಲಾವೋ ಚಿತ್ರಾನ್ನವೋ ಸೇರಿದಾಗ. ಅದಕ್ಕೆ ತಲೆಗೆ 35 ಗ್ರಾಂ ಅಕ್ಕಿ ಹೋದರೆ ಬಿಳಿ ಅನ್ನವನ್ನು 75ಕ್ಕೆ ಇಳಿಸಬೇಕು. ಇಳಿಸುವವರು ಯಾರೂ ಇಲ್ಲ. ಐಟಂ ಏರುತ್ತದೆ, ಹೊಟ್ಟೆ ಅಷ್ಟೇ ಇರುತ್ತದೆ. ನನ್ನನ್ನು ಕೇಳಿದರೆ ಎರಡು ಪಲ್ಯ, ಒಂದು ಸಿಹಿ ಧಾರಾಳವಾಯಿತು. ಮೂರನೆಯ ಸಿಹಿ ಫೋಟೋಕ್ಕೆ.

22 ಕಿಲೋವನ್ನೂ ಒಟ್ಟಿಗೆ ಬೇಯಿಸಬಾರದು. 17 ಕಿಲೋ ಮೊದಲು ಬೇಯಲಿ, ಉಳಿದ 5 ಕಿಲೋ ತೊಳೆಯದೆ ಚೀಲದಲ್ಲೇ ಇರಲಿ. ತೊಳೆದ ಅಕ್ಕಿಯನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ. ಒಂದು ಕೊಪ್ಪರಿಗೆ ನೀರು ಕುದಿಯುತ್ತಲೇ ಇರಬೇಕು. ಎರಡನೆಯ ಪಂಕ್ತಿಗೆ ಸಾರು ಬರುವಾಗ ಎಲೆ ಎಣಿಸಿ, ಬೇಕೆನಿಸಿದರೆ ಅಕ್ಕಿ ಹಾಕಿ. ಇಪ್ಪತ್ತು ನಿಮಿಷದಲ್ಲಿ ಬಸಿಯಬಹುದು. ಕೋಸಂಬರಿಗೂ ಉಪ್ಪು ಪಂಕ್ತಿ ಪಂಕ್ತಿಗೆ ಬೇರೆ ಬೇರೆ. ಒಮ್ಮೆಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಮೂರನೆಯ ಪಂಕ್ತಿಯವರು ಮುಟ್ಟುವುದಿಲ್ಲ.

ಇನ್ನು ಬಡಿಸುವ ಕೈ. ದೊಡ್ಡ ಸೌಟು ಕೊಟ್ಟರೆ ಹುಡುಗರು ಬೇಗ ಮುಗಿಸುವ ಭರದಲ್ಲಿ ರಾಶಿ ಹಾಕುತ್ತಾರೆ. ಚಿಕ್ಕ ಸೌಟು ಕೊಡಿ, ಮಕ್ಕಳ ಎಲೆಗೆ ಅರ್ಧವೇ ಹಾಕಿಸಿ. ಉಪಚಾರ, ಒತ್ತಾಯ ಎಲ್ಲ ಎಲೆ ಖಾಲಿಯಾದ ಮೇಲೆ, ಎರಡನೆಯ ಸುತ್ತಿಗೆ.

ಕೈತೊಳೆಯುವಲ್ಲಿ ಎರಡು ಬಕೆಟ್ ಇಡಿ: ಎಲೆಯಲ್ಲಿ ಉಳಿದದ್ದು ಒಂದಕ್ಕೆ, ಎಲೆ ಇನ್ನೊಂದಕ್ಕೆ. ಮೊದಲನೆಯದನ್ನು ತೂಗುತಕ್ಕಡಿಗೆ ಸಿಕ್ಕಿಸಿ. ತಲೆಗೆ 30 ಗ್ರಾಂ, ಅಂದರೆ 200 ಜನಕ್ಕೆ 6 ಕಿಲೋ, ಒಪ್ಪಬಹುದಾದ್ದು. 100 ಗ್ರಾಂ ದಾಟಿದರೆ ಮುಂದಿನ ಸಲ ಒಂದು ಐಟಂ ಕಿತ್ತುಹಾಕಿ. ಬಕೆಟ್ಟಿನ ಮೇಲೆಯೇ ತೇಲುವುದು ಯಾವುದೆಂದು ನೋಡಿದರೆ ಯಾವ ಐಟಂ ಎಂದೂ ತಿಳಿಯುತ್ತದೆ.

ಬಿದ್ದದ್ದು ಎಲ್ಲಿಗೆ ಹೋಗುತ್ತದೆಂದು ಈ ಊರಿನವರಿಗೆ ಹೇಳಬೇಕಿಲ್ಲ. 1927ರಿಂದ ಕಸ ಸುರಿಯುತ್ತ ಬಂದ ದೇವನಾರ್ ಡಂಪಿಂಗ್ ಗ್ರೌಂಡ್ 2016ರ ಜನವರಿಯಲ್ಲಿ ದಿನಗಟ್ಟಲೆ ಉರಿದು ಹೊಗೆ ಕಾರಿತು. ಗಾಳಿಯಾಡದೆ ಕೊಳೆಯುವ ಅನ್ನ, ತರಕಾರಿಯಿಂದ ಏಳುವ ಮಿಥೇನ್ ಅಂಥ ಬೆಂಕಿಗೆ ಉರುವಲು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹಾಳಾದ ಆಹಾರ 105 ಕೋಟಿ ಟನ್.

ಪಾತ್ರೆಯಲ್ಲೇ ಉಳಿದದ್ದನ್ನು ಹಂಚಬಹುದು. ಆದರೆ ಒಯ್ಯುವವರಿಗೆ ಹಿಂದಿನ ದಿನವೇ ಫೋನ್ ಮಾಡಿ. ಮಧ್ಯಾಹ್ನ ಮೂರಕ್ಕೆ ಕರೆದರೆ ಅವರು ಬರುವಷ್ಟರಲ್ಲಿ ಹಳಸಿರುತ್ತದೆ. ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ, ಬೇಯಿಸಿದರೂ ಸಾಯದ ಬೀಜಕಣಗಳು ಉಗುರುಬೆಚ್ಚಗಿನ ಅನ್ನದಲ್ಲಿ ಮೊಳೆಯುತ್ತವೆ. ಆಳದ ಪಾತ್ರೆಯ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆದ್ದರಿಂದ ಎರಡು ತಾಸಿನೊಳಗೆ ಒಯ್ಯುವಂತಿರಲಿ. ಇಲ್ಲವಾದರೆ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಆರಿಸಿ ಫ್ರಿಜ್ಜಿಗೆ ಹಾಕಿ. ತೆಂಗಿನಕಾಯಿ ರುಬ್ಬಿದ ಹುಳಿ, ಮೊಸರು ಬೆರೆಸಿದ್ದು ಯಾವುದನ್ನೂ ಕೊಡಬೇಡಿ.

ಎಲೆಯನ್ನು ಮೂರು ಇಂಚಿಗೆ ಕತ್ತರಿಸಿ ಒಣ ತರಗೆಲೆಯೊಂದಿಗೆ ಸೊಸೈಟಿಯ ಗೊಬ್ಬರದ ಗುಂಡಿಗೆ ಹಾಕಬಹುದು. ಉಪ್ಪಿನಕಾಯಿಯ ಎಣ್ಣೆ ಮೆತ್ತಿದ್ದನ್ನು ತೊಳೆದು ಹಾಕಿ. 2018ರಲ್ಲಿ ಮಹಾರಾಷ್ಟ್ರದಲ್ಲಿ ಥರ್ಮಾಕೋಲ್ ತಟ್ಟೆ ನಿಂತ ಮೇಲೆ ಹೆಚ್ಚಿದ ಕಾಗದದ ಲೋಟ ಮಾತ್ರ ಗುಂಡಿಗೆ ಬೇಡ, ಅದರ ಒಳಮೈಗೆ ಪ್ಲಾಸ್ಟಿಕ್ ಪದರವಿದೆ. ನೀರಿಗೆ ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ, ತೊಳೆಯಲು ಇಬ್ಬರನ್ನು ಹೆಚ್ಚಿಗೆ ಹೇಳಿ.